ಸಬ್‌ವೂಫರ್ ಎಲ್ಲಿಡಬೇಕು? ಮೊದಲು ಕುರ್ಚಿ ಎಲ್ಲಿದೆ ನೋಡಿ

ಕೋಣೆ 14×11 ಅಡಿ, ಸಬ್‌ವೂಫರ್ (ಬೇಸ್, ಅಂದರೆ ತಗ್ಗಿನ ಸ್ವರಗಳಿಗೆಂದೇ ಇರುವ ಸ್ಪೀಕರ್) ಮೂಲೆಯಲ್ಲಿದೆ, ಕೂತಲ್ಲಿ ಬೇಸ್ ಬರುತ್ತಿಲ್ಲ, 12 ಇಂಚಿನ ದೊಡ್ಡದು ತರಲಾ ಅಂತ ಕೇಳಿದ್ದೀರಿ. ಬೇಡ. ಹೆಚ್ಚುಕಡಿಮೆ ಇದೇ ಅಳತೆಯ ಕೋಣೆಗೆ ನಾನು ತಂದಿದ್ದೆ.

ನಮ್ಮ ಮನೆ ಸೋಮವಾರಪೇಟೆ ಕಡೆ, ತೋಟದೊಳಗೆ. ಮೇಲೆ ಶೀಟು. 8 ಇಂಚಿನ ಸಬ್ ಮನೆಗೆ ಬಂದಿದ್ದು ಜೂನ್‌ನಲ್ಲಿ. ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆ ಶೀಟಿನ ಮೇಲೆ ಹೊಡೆಯುವಾಗ ಪಕ್ಕದವರ ಮಾತೇ ಕೇಳಿಸುವುದಿಲ್ಲ. ಬೇಸನ್ನು ಮಳೆ ನುಂಗುತ್ತಿದೆ ಅಂದುಕೊಂಡು ಮೈಸೂರಿಗೆ ಹೋಗಿ 12 ಇಂಚಿನದ್ದು ತಂದೆ. ಮಳೆ ನಿಂತಿತು, ಕಾಫಿ ಕೊಯ್ಲೂ ಶುರುವಾಯಿತು, ಬೇಸ್ ಬರಲಿಲ್ಲ. ವಾಲ್ಯೂಮ್ ಏರಿಸಿದರೆ ಕಿಟಕಿ ಗಾಜು ಝಿರ್ರ್ ಅನ್ನುತ್ತಿತ್ತು. ಶೋಕೇಸಿನ ಸ್ಟೀಲ್ ಲೋಟಗಳು ಒಂದಕ್ಕೊಂದು ತಾಗುತ್ತಿದ್ದವು. ಪಕ್ಕದ ಕೋಣೆಯಲ್ಲಿ ಅಮ್ಮನಿಗೆ ನಿದ್ದೆಯಿಲ್ಲ. ಕುರ್ಚಿಯಲ್ಲಿ ಬರೀ ಢಬ್ ಢಬ್, ಆಳವೇ ಇಲ್ಲ.

ಕುರ್ಚಿಯನ್ನು ಕೋಣೆಯ ನಟ್ಟನಡುವೆ ಹಾಕಿದ್ದೆ. ನನ್ನ ದುಡ್ಡು ಹಾಳಾಗಿದ್ದು ಇಲ್ಲಿ, ಹಾಗಾಗಿ ಬಿಡಿಸಿ ಹೇಳುತ್ತೇನೆ. 14 ಅಡಿ ಅಂದರೆ ಸುಮಾರು 4.3 ಮೀಟರ್. ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಅದನ್ನು ಕೋಣೆಯ ಉದ್ದದ ಎರಡರಷ್ಟರಿಂದ ಭಾಗಿಸಿದರೆ 40 ಹರ್ಟ್ಜ್, ಅಂದರೆ ಸೆಕೆಂಡಿಗೆ 40 ಕಂಪನ. ಈ ಅಲೆ ಎದುರುಬದುರು ಗೋಡೆಗಳ ನಡುವೆ ಮುಂದೆ ಸಾಗದೆ ನಿಂತಲ್ಲೇ ಏರಿಳಿಯುತ್ತದೆ. ಗೋಡೆ ಹತ್ತಿರ ಜೋರು, ಮಧ್ಯದಲ್ಲಿ ಹತ್ತಿರ ಹತ್ತಿರ ಸೊನ್ನೆ. ಬೇಸ್ ಗಿಟಾರಿನ ದಪ್ಪ ತಂತಿ 41 ಹರ್ಟ್ಜ್. ನನ್ನ ಕುರ್ಚಿಯಲ್ಲಿ ಅದೇ ಮಾಯವಾಗಿತ್ತು. 80 ಹರ್ಟ್ಜ್ ಮಾತ್ರ ಅದೇ ಜಾಗದಲ್ಲಿ ಉಬ್ಬುತ್ತದೆ, ಆ ಢಬ್ ಢಬ್ ಅದರದ್ದು. ದೊಡ್ಡ ಸಬ್ ಇಟ್ಟರೆ ಗೋಡೆ ಹತ್ತಿರದ ಸದ್ದು ಜಾಸ್ತಿ ಆಗುತ್ತದೆ, ಸೊನ್ನೆ ತುಂಬುವುದಿಲ್ಲ. ಈಕ್ವಲೈಜರ್‌ನಲ್ಲಿ (ಬೇರೆ ಬೇರೆ ಸ್ವರಗಳ ಸದ್ದನ್ನು ಬೇರೆ ಬೇರೆಯಾಗಿ ಏರಿಳಿಸುವ ಸಾಧನ) ಏರಿಸೋಣ ಅಂತೀರಾ? ಸದ್ದು 10 ಡೆಸಿಬಲ್ ಏರಿಸಲು ಆಂಪ್ಲಿಫೈಯರ್ 10 ಪಟ್ಟು ಪವರ್ ಕೊಡಬೇಕು. ಅಷ್ಟು ಕೊಟ್ಟರೂ ಅಲ್ಲಿ ಕೂತವರಿಗೆ ಗೊತ್ತಾಗುವುದಿಲ್ಲ.

ಕುರ್ಚಿಯನ್ನು ಎರಡು ಅಡಿ ಹಿಂದಕ್ಕೆ ಎಳೆದೆ. ಆ ತಂತಿ ಕೇಳಿಸಿತು. ಒಂದು ಪೈಸೆ ಖರ್ಚಿಲ್ಲ.

ಆಮೇಲೆ ಸಬ್ಬಿನ ಜಾಗ. ಮೂಲೆ ಕೋಣೆಯ ಎಲ್ಲಾ ಅಲೆಗಳನ್ನೂ ಒಟ್ಟಿಗೆ ಎಬ್ಬಿಸುತ್ತದೆ. ಸದ್ದು ಜಾಸ್ತಿ ಅಂತ ಜನ ಅಲ್ಲೇ ಇಡುತ್ತಾರೆ, ನನಗಂತೂ ಒಪ್ಪಿಗೆಯಿಲ್ಲ. ಸಬ್ಬನ್ನು ಕುರ್ಚಿ ಮೇಲಿಟ್ಟು, ಬೇಸ್ ಮೇಲೆ ಕೆಳಗೆ ಓಡಾಡುವ ಹಾಡು ಹಾಕಿ, ಗೋಡೆ ಪಕ್ಕ ಅಂಬೆಗಾಲಿಟ್ಟು ಹೋಗಿ. ಕಿವಿ ನೆಲದ ಹತ್ತಿರ ಇರಲಿ. ಎಲ್ಲಾ ಸ್ವರಗಳೂ ಒಂದೇ ಸಮ ಕೇಳುವ ಕಡೆ ಚಾಕ್‌ಪೀಸಿನಲ್ಲಿ ಗುರುತು ಹಾಕಿ, ಸಬ್ ಅಲ್ಲಿಗೆ ತನ್ನಿ. ನಮ್ಮ ಕೆಂಪು ಗಾರೆ ನೆಲದಲ್ಲಿ ಮುಂದಿನ ಗೋಡೆಯ ಮಧ್ಯಕ್ಕಿಂತ ಸ್ವಲ್ಪ ಎಡಕ್ಕೆ ಆ ಗುರುತು ಬಿತ್ತು.

ದುಡ್ಡು ಹಾಕಲೇಬೇಕು ಅಂತಿದ್ದರೆ ನಿಮ್ಮ ಹತ್ತಿರ ಇರುವಂಥದ್ದೇ ಇನ್ನೊಂದು ತನ್ನಿ. ಸ್ಪೀಕರ್ ತಯಾರಿಸುವ ಹರ್ಮನ್ ಕಂಪನಿಯ ಟಾಡ್ ವೆಲ್ಟಿ 2002ರಲ್ಲಿ ಎಷ್ಟು ಸಬ್ ಸಾಕು ಅಂತ ಲೆಕ್ಕ ಹಾಕಿದಾಗ, ಎದುರುಬದುರು ಗೋಡೆಗಳ ಮಧ್ಯಕ್ಕೆ ಒಂದೊಂದು ಇಟ್ಟರೆ ಒಳ್ಳೆಯ ಫಲ ಕಂಡಿತ್ತು. ಮುಂದಿನದ್ದು ಎಬ್ಬಿಸುವ 40 ಹರ್ಟ್ಜ್ ಅಲೆಯನ್ನು ಹಿಂದಿನದ್ದು ತಣ್ಣಗಾಗಿಸುತ್ತದೆ. ನಮ್ಮ ಕಡೆ ಮಳೆಗಾಲದಲ್ಲಿ ಹೊರಗೋಡೆಗೆ ತೇವ ಏರುತ್ತದೆ ಅಲ್ವಾ, ಒಂದು ಗೇಣು ಜಾಗ ಬಿಟ್ಟಿಡಿ.

ನಿಮ್ಮ ಕುರ್ಚಿ ಹಿಂದಿನ ಗೋಡೆಯಿಂದ ಎಷ್ಟು ದೂರ ಅಂತ ಬರೆದಿಲ್ಲ. ಟೇಪು ಹಿಡಿದು ಅಳೆದು ಹೇಳಿ.