ತೇಗದ ಹಲಗೆಯ ಮೇಲೆ ರವೆ

ಪ್ರಶ್ನೆ: ಚಿತ್ರದುರ್ಗದಲ್ಲಿ ನಮ್ಮ ಮನೆಯ ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ಹವ್ಯಾಸಕ್ಕಾಗಿ ಮರಗೆಲಸ ಮಾಡುತ್ತೇನೆ. ಸ್ಪ್ರೇ ಗನ್ನಿನಿಂದ ಲ್ಯಾಕರ್ ಮೆರುಗು ಹೊಡೆದ ಮೇಲೆ ತೇಗದ ಹಲಗೆಯನ್ನು ಸವರಿದರೆ ಅಂಗೈಗೆ ರವೆಯಂತೆ ತರಿತರಿ ತಾಗುತ್ತದೆ. ಗರಗಸದ ಮೇಲೂ ಬಿಳಿ ಪುಡಿ ಕೂರುತ್ತದೆ. ಪರಿಹಾರವೇನು?

ಉತ್ತರ: ಗರಗಸದ ಮೇಲೆ ಕೂರುವ ಪುಡಿ ಹಲಗೆಗೆ ತಾಗದೆ ಗಾಳಿಯಲ್ಲೇ ಒಣಗಿದ ಲ್ಯಾಕರಿನ ಹನಿ; ನಿಮ್ಮ ರವೆಯೂ ಬಹುಮಟ್ಟಿಗೆ ಅದೇ. ಗನ್ನಿನ ಒತ್ತಡ ಹೆಚ್ಚಿದಷ್ಟೂ, ಮೂತಿ ದೂರವಾದಷ್ಟೂ ಅದು ಹೆಚ್ಚುವುದರಿಂದ, ಮೂತಿಯನ್ನು 6ರಿಂದ 8 ಅಂಗುಲ ದೂರದಲ್ಲಿ ಹಲಗೆಗೆ ನೇರವಾಗಿ ಹಿಡಿದು, ಹನಿ ಸಮನಾಗಿ ಹರಡುವಷ್ಟೇ ಒತ್ತಡವನ್ನು ಇಟ್ಟುಕೊಳ್ಳಿ. ಬೇಸಿಗೆಯ ಮಧ್ಯಾಹ್ನ ಕಾದ ತಗಡಿನ ಕೆಳಗೆ ಲ್ಯಾಕರನ್ನು ತೆಳುವಾಗಿಸುವ ಥಿನ್ನರ್ ಬೇಗನೆ ಆರಿಹೋಗುತ್ತದೆ. ಬೆಳಗಿನ ಹೊತ್ತೇ ಲೇಸು.

ಬಾಗಿಲು ತೆರೆದಿಟ್ಟರೆ ಸಾಕೆಂಬ ಸಲಹೆ, ಸುತ್ತಲ ಗುಡ್ಡಗಳಲ್ಲಿ ಗಾಳಿಯಂತ್ರಗಳು ತಿರುಗುವ ನಿಮ್ಮ ಊರಿಗೆ ಒಗ್ಗದು. ಆಷಾಢದಲ್ಲಂತೂ ಬೀದಿಯ ಧೂಳೇ ಹಲಗೆಗೆ ಅಂಟೀತು. ಒಂದು ಮೂಲೆಯನ್ನು ಪ್ಲಾಸ್ಟಿಕ್ ಹಾಳೆಯಿಂದ ಮರೆಮಾಡಿ, ಒಂದು ಬದಿಯಲ್ಲಿ ಗಾಳಿಯನ್ನು ಹೊರಗೆಳೆಯುವ ಫ್ಯಾನನ್ನೂ ಎದುರು ಬದಿಯಲ್ಲಿ ಒಳಬರುವ ಗಾಳಿಯನ್ನು ಸೋಸುವ ಫಿಲ್ಟರನ್ನೂ ಕೂರಿಸಿ. ಥಿನ್ನರಿನ ಆವಿಗೆ ಕಿಡಿ ತಗುಲಿದರೆ ಹೊತ್ತಿಕೊಳ್ಳುವುದರಿಂದ ಸಾಮಾನ್ಯ ಫ್ಯಾನು ಬೇಡ. ಕಿಡಿನಿರೋಧಕ ಮೋಟಾರಿನದೇ ಇರಲಿ, ಅದಕ್ಕೆ ಖರ್ಚು ತುಸು ಹೆಚ್ಚಾದರೂ ಜಿಪುಣತನ ಸಲ್ಲದು. ಎನ್‌95 ಮಾಸ್ಕ್ ಪುಡಿಯನ್ನು ತಡೆಯುತ್ತದೆ, ಆವಿಯನ್ನಲ್ಲ. ಇದ್ದಿಲಿನ ಕಾರ್ಟ್ರಿಡ್ಜ್ ಇರುವ ಮಾಸ್ಕ್ ಧರಿಸಿ. ಗಟ್ಟಿಯಾಗಲು ಹಾರ್ಡ್‌ನರ್ ಬೆರೆಸುವ ಪಿಯು (ಪಾಲಿಯುರೆಥೇನ್) ಬಣ್ಣವನ್ನಂತೂ ಮನೆಯ ಶೆಡ್ಡಿನಲ್ಲಿ ಹೊಡೆಯಲೇಬೇಡಿ.

ಈಗಾಗಲೇ ತರಿಯಾಗಿರುವ ಹಲಗೆಯನ್ನು ಪೂರ್ತಿ ಒಣಗಿದ ಮೇಲೆ 400 ನಂಬರಿನ ಉಪ್ಪುಕಾಗದದಿಂದ ಹಗುರವಾಗಿ ಉಜ್ಜಿ, ಒರೆಸಿ, ಇನ್ನೊಂದು ಕೋಟು ಹೊಡೆಯಿರಿ.