ಡೋರಿಯನ್ ಗ್ರೇಯಲ್ಲಿ ಏಳು ಮಹಾಪಾಪಗಳು: ಯಾವ ಪಾತ್ರ ಯಾವ ಪಾಪ?

ಆಸ್ಕರ್ ವೈಲ್ಡ್‌ನ ‘ದ ಪಿಕ್ಚರ್ ಆಫ್ ಡೋರಿಯನ್ ಗ್ರೇ’ಯಲ್ಲಿ ಯಾವ ಪಾತ್ರ ಯಾವ ಪಾಪಕ್ಕೆ ಸಂಕೇತ ಅಂತ ಕೇಳಿದ್ದೀರಿ. ಕ್ರೈಸ್ತರ ಪಟ್ಟಿಯ ಆ ಏಳು: ಅಹಂಕಾರ, ದುರಾಸೆ, ಕಾಮ, ಮತ್ಸರ, ಹೊಟ್ಟೆಬಾಕತನ, ಕೋಪ, ಸೋಮಾರಿತನ. ಬಿ.ಎ. ಓದುವಾಗ ನಾನೂ ಒಂದು ಗೈಡಿನಿಂದ ಇಂಥದ್ದೇ ಪಟ್ಟಿ ಉರು ಹೊಡೆದಿದ್ದೆ. ಡೋರಿಯನ್ ಅಂದರೆ ಅಹಂಕಾರ, ಅಕ್ಕನ ಸಾವಿಗೆ ಸೇಡು ತೀರಿಸಲು ಹೊರಟ ಜೇಮ್ಸ್ ವೇನ್ ಅಂದರೆ ಕೋಪ, ಹೀಗೆ. ಅಂಕವೂ ಬಂತು. ಎಷ್ಟೋ ವರ್ಷದ ಮೇಲೆ ಪುಸ್ತಕವನ್ನೇ ಓದಿದೆ ನೋಡಿ, ಆ ಪಟ್ಟಿ ಎಲ್ಲೂ ಕೂರಲಿಲ್ಲ.

ಎರಡನೇ ಅಧ್ಯಾಯ ತೆಗೆಯಿರಿ. ಚಿತ್ರಕಾರ ಬೇಸಿಲ್‌ನ ಸ್ಟುಡಿಯೋ. ಯೌವನ ಬೇಗ ಬಾಡುತ್ತದೆ ಅಂತ ಬೇಸಿಲ್‌ನ ಗೆಳೆಯ ಲಾರ್ಡ್ ಹೆನ್ರಿ ಹುಡುಗನ ಕಿವಿ ಊದಿದ್ದಾನೆ. ಬರೆದು ಮುಗಿದ ತನ್ನ ಚಿತ್ರದ ಮುಂದೆ ನಿಂತ ಡೋರಿಯನ್‌ಗೆ ಆ ಚಿತ್ರದ ಮೇಲೇ ಹೊಟ್ಟೆಕಿಚ್ಚು. ಅದು ಹೀಗೇ ಇರುತ್ತದೆ, ತಾನು ಮಾತ್ರ ಮುದುಕನಾಗುತ್ತೇನೆ! ಸಾಮಾನ್ಯವಾಗಿ ಹೊಟ್ಟೆ ಉರಿಯುವುದು ಪಕ್ಕದ ಮನೆಯವರನ್ನು ಕಂಡು. ಇವನಿಗೆ ತನ್ನದೇ ಮುಖ ಕಂಡು ಉರಿ. ಇದರಲ್ಲಿ ಅಹಂಕಾರ ಎಲ್ಲಿ ಮುಗಿದು ಮತ್ಸರ ಎಲ್ಲಿ ಶುರುವಾಯಿತು ಅಂತ ಗೆರೆ ಎಳೆಯಲು ನನಗಂತೂ ಆಗಲಿಲ್ಲ. ಚಿತ್ರಕ್ಕೆ ಮುಪ್ಪು ಬರಲಿ, ತಾನು ಹೀಗೇ ಇರಲಿ ಅಂತ ಆ ಗಳಿಗೆಯಲ್ಲಿ ಬಾಯಿಗೆ ಬಂದ ಹರಕೆ ಫಲಿಸುತ್ತದೆ, ಅದೇ ಕೊನೆಗೆ ಅವನನ್ನು ತಿನ್ನುತ್ತದೆ.

ಇನ್ನು ಆ ಚಿತ್ರ. ಡೋರಿಯನ್‌ನ ಪಾಪದ ಗುರುತು ಅವನ ಮುಖದ ಬದಲು ಅದರ ಮೇಲೆ ಮೂಡುವುದರಿಂದ ಅದನ್ನು ಪಾಪದ ಲೆಕ್ಕದ ಪುಸ್ತಕ ಅನ್ನುತ್ತಾರೆ, ಸರಿ. ಅದರಲ್ಲಿ ಏನೇನು ಜಮೆಯಾಗುತ್ತದೆ? ನಟಿ ಸಿಬಿಲ್ ವೇನ್‌ಳನ್ನು ತಿರಸ್ಕರಿಸಿ ಬಂದ ರಾತ್ರಿ ಬಾಯಿಯ ಬಳಿ ಕ್ರೌರ್ಯದ ಗೆರೆ. ಬೇಸಿಲ್‌ನನ್ನು ಕೊಂದ ಮೇಲೆ ಕೈಮೇಲೆ ರಕ್ತದ ಬೆವರು. ಹಳ್ಳಿ ಹುಡುಗಿ ಹೆಟ್ಟಿಯನ್ನು ಕೆಡಿಸದೆ ಬಿಟ್ಟೆನಲ್ಲ, ಚಿತ್ರ ಸ್ವಲ್ಪ ತಿಳಿಯಾಗಿರಬಹುದು ಅಂತ ನೋಡಲು ಹೋದರೆ ಕಣ್ಣಲ್ಲಿ ಕುಯುಕ್ತಿ, ಬಾಯಲ್ಲಿ ಕಪಟಿಯ ಸುಕ್ಕು. ಕ್ರೌರ್ಯವಾಗಲಿ ಕಪಟವಾಗಲಿ ಆ ಏಳರ ಪಟ್ಟಿಯಲ್ಲೇ ಇಲ್ಲ. ಪಟ್ಟಿ ಎದುರಿಗಿಟ್ಟುಕೊಂಡು ವೈಲ್ಡ್ ಬರೆಯಲಿಲ್ಲ ಎನ್ನಲು ನನಗೆ ಇಷ್ಟು ಸಾಕು.

ಹೊಟ್ಟೆಬಾಕತನ? ಡೋರಿಯನ್ ಊಟದ ಮೇಲೆ ಬೀಳುವವನಲ್ಲ. ಆದರೆ ಹನ್ನೊಂದನೇ ಅಧ್ಯಾಯದಲ್ಲಿ ಅವನ ಮೂಗು, ಕಿವಿ, ಕಣ್ಣು ಉಣ್ಣುತ್ತವೆ: ಸುಗಂಧ, ಸಂಗೀತ, ರತ್ನ, ಕಸೂತಿ, ಕೊನೆಗೆ ಪಾದ್ರಿಗಳ ಪೂಜಾವಸ್ತ್ರಗಳ ಸಂಗ್ರಹ. ದುರಾಸೆಯೂ ಇದರಲ್ಲೇ ಬಂತು. ಕಾಮದ ವಿಷಯವನ್ನು ವೈಲ್ಡ್ ಬೇಕೆಂದೇ ಮಬ್ಬಾಗಿ ಬಿಟ್ಟಿದ್ದಾನೆ. 1890ರ ಜುಲೈನಲ್ಲಿ ಇದು ಅಮೆರಿಕದ ಲಿಪಿಂಕಾಟ್ಸ್ ಮಾಸಿಕದಲ್ಲಿ ಬಂದಾಗ ಬ್ರಿಟಿಷ್ ಪತ್ರಿಕೆಗಳು ಕೂಗಾಡಿದವು. ಅದಕ್ಕೆ ಅವನು ಕೊಟ್ಟ ಉತ್ತರದ ಸಾರ: ಡೋರಿಯನ್‌ನ ಪಾಪಗಳೇನು ಅಂತ ಯಾರಿಗೂ ಗೊತ್ತಿಲ್ಲ, ಕಂಡವರು ತಮ್ಮದನ್ನೇ ತಂದಿರುತ್ತಾರೆ. ಜಾಣ ಮಾತೇ. ಆದರೆ 1895ರಲ್ಲಿ ವೈಲ್ಡ್ ತಾನೇ ಹೂಡಿದ ಮಾನನಷ್ಟದ ಕೇಸಿನಲ್ಲಿ ಎದುರು ವಕೀಲ ಎಡ್ವರ್ಡ್ ಕಾರ್ಸನ್ ಇದೇ ಕಾದಂಬರಿ ಹಿಡಿದು ಅವನನ್ನು ಪಾಟೀಸವಾಲಿಗೆ ಒಳಪಡಿಸಿದಾಗ ಆ ಜಾಣತನ ಕೈಹಿಡಿಯಲಿಲ್ಲ.

ನಾನು ನಿಲ್ಲುವುದು ಏಳನೆಯದರ ಹತ್ತಿರ. ಅದನ್ನು ‘ಸೋಮಾರಿತನ’ ಅಂತ ಬರೆದು ಗೈಡುಗಳು ಮುಂದೆ ಹೋಗಿಬಿಡುತ್ತವೆ. ಈ ಪಟ್ಟಿಯ ಮೂಲ ನಾಲ್ಕನೇ ಶತಮಾನದಲ್ಲಿ ಈಜಿಪ್ಟಿನ ಮರುಭೂಮಿಯಲ್ಲಿದ್ದ ಸನ್ಯಾಸಿ ಇವಾಗ್ರಿಯಸ್. ಅವನದು ಎಂಟು ಕೆಟ್ಟ ಯೋಚನೆಗಳು. ಆರನೇ ಶತಮಾನದ ಕೊನೆಗೆ ಪೋಪ್ ಗ್ರೆಗೊರಿ ಅದನ್ನು ಏಳಕ್ಕೆ ಇಳಿಸಿದ. ಇವಾಗ್ರಿಯಸ್ ‘ಅಕೀಡಿಯಾ’ ಎಂದದ್ದು ಮೈಗಳ್ಳತನಕ್ಕಲ್ಲ. ಮಧ್ಯಾಹ್ನದ ಹೊತ್ತು ಸನ್ಯಾಸಿ ಕಿಟಕಿಯಾಚೆ ನೋಡುತ್ತಾನೆ, ಸೂರ್ಯ ಕದಲುವುದೇ ಇಲ್ಲ, ಯಾವುದರಲ್ಲೂ ರುಚಿಯಿಲ್ಲ. ಗ್ರೆಗೊರಿ ಅದನ್ನು ದುಃಖದ ಜತೆ ಸೇರಿಸಿದ. ಇಂಗ್ಲಿಷಿನವರು ಇದಕ್ಕೊಂದು ಪದಕ್ಕಾಗಿ ಪಾಡುಪಡುತ್ತಾರೆ. ನಮ್ಮಲ್ಲಿ ಇದ್ದೇ ಇದೆ: ಬೇಸರ. ‘ಹೊತ್ತು ಹೋಗ್ತಿಲ್ಲ, ಬೇಸರ’ ಅಂತಲೂ ಅನ್ನುತ್ತೇವೆ, ‘ಅವನ ಮಾತಿನಿಂದ ಬೇಸರವಾಯ್ತು’ ಅಂತಲೂ ಅನ್ನುತ್ತೇವೆ.

ಈ ಬೇಸರದ ಆಸಾಮಿ ಲಾರ್ಡ್ ಹೆನ್ರಿ. ಪುಸ್ತಕ ತೆರೆದಾಗಲೇ ದಿವಾನದ ಮೇಲೆ ಒರಗಿ ಸಿಗರೇಟು ಸೇದುತ್ತಿರುತ್ತಾನೆ. ಅವನೇನೂ ಮಾಡುವುದಿಲ್ಲ, ಬರೀ ಮಾತು. ಅವನ ಅಂಟು ಡೋರಿಯನ್‌ಗೂ ತಗಲುತ್ತದೆ. ಸಿಬಿಲ್ ಸತ್ತ ಸುದ್ದಿ ತಿಳಿದ ದಿನವೇ ಅಪೆರಾ ನೋಡಲು ಹೋಗುತ್ತಾನೆ. ಬೇಸಿಲ್‌ಗೆ ಚಾಕು ಹಾಕಿದ ಕೋಪ ಒಂದು ನಿಮಿಷದ್ದು. ಮರುದಿನ ಹೆಣ ಮಹಡಿಯಲ್ಲಿರುವಾಗ ಕೆಳಗೆ ಕುಳಿತು ವೆನಿಸ್ ಮೇಲಿನ ಕವಿತೆ ಓದುತ್ತಾನೆ! ನನಗೆ ಕೊಲೆಗಿಂತ ಆ ಓದು ಹೆಚ್ಚು ಭಯ ಹುಟ್ಟಿಸಿತು. ಹದಿನೆಂಟನೇ ಅಧ್ಯಾಯದಲ್ಲಿ ಹೆನ್ರಿ ಬಾಯಿಬಿಟ್ಟೇ ಹೇಳುತ್ತಾನೆ: ಕ್ಷಮೆಯಿಲ್ಲದ ಪಾಪ ಒಂದೇ, ಬೇಸರ. ತಮಾಷೆಯಂತೆ ಆಡಿದ ಮಾತು. ಆದರೆ ಆ ಅಧ್ಯಾಯ ಮಾಸಿಕದ ಆವೃತ್ತಿಯಲ್ಲಿರಲಿಲ್ಲ. 1891ರ ಪುಸ್ತಕಕ್ಕಾಗಿ ಹದಿಮೂರು ಅಧ್ಯಾಯಗಳನ್ನು ಇಪ್ಪತ್ತಕ್ಕೆ ಬೆಳೆಸುವಾಗ ಸೇರಿಸಿದ್ದು. ಪಾಪ, ಪಾಪ ಅಂತ ವಿಮರ್ಶಕರು ಕೂಗಿದ ಮೇಲೆ ಬರೆದ ಪುಟಗಳಲ್ಲಿ ಪಾಪದ ಬಗ್ಗೆ ಇಂಥ ಸಾಲು ಇರುವುದನ್ನು ಆಕಸ್ಮಿಕ ಅನ್ನಲು ನನಗೆ ಮನಸ್ಸಿಲ್ಲ.

ಅರಿಷಡ್ವರ್ಗದ ಜತೆ ಹೋಲಿಸಬಹುದೇ ಅಂತಲೂ ಕೇಳಿದ್ದೀರಿ. ಪೂರ್ತಿ ಹೊಂದುವುದಿಲ್ಲ, ನಮ್ಮ ಆರರಲ್ಲಿ ಈ ಬೇಸರವೂ ಇಲ್ಲ, ಹೊಟ್ಟೆಬಾಕತನವೂ ಇಲ್ಲ. ಆದರೆ ಒಂದು ಕಡೆ ನಮ್ಮ ಪಟ್ಟಿಯೇ ಮೇಲು. ಬೇಸಿಲ್‌ನದು ಏಳರಲ್ಲಿ ಯಾವ ಪಾಪ? ಯಾವುದೂ ಅಲ್ಲ. ‘ನಿನ್ನನ್ನು ಅತಿಯಾಗಿ ಪೂಜಿಸಿದೆ, ಅದಕ್ಕೆ ಶಿಕ್ಷೆ’ ಎನ್ನುತ್ತಾನೆ ಆ ಪುಣ್ಯಾತ್ಮ. ಅದು ಮೋಹ, ನಮ್ಮಲ್ಲಿ ನಾಲ್ಕನೆಯದು.

ಪರೀಕ್ಷೆ ಹತ್ತಿರವಿದ್ದರೆ 2, 11, 18, ಈ ಮೂರು ಅಧ್ಯಾಯ ಮೂಲದಲ್ಲೇ ಓದಿಕೊಳ್ಳಿ. ಹನ್ನೊಂದರಲ್ಲಿ ರತ್ನಗಳ ಪಟ್ಟಿ ಓದುತ್ತಾ ಆಕಳಿಕೆ ಬರುತ್ತದೆ. ಹಾರಿಸಬೇಡಿ, ಆ ಆಕಳಿಕೆಯೂ ಲೆಕ್ಕಕ್ಕಿದೆ.