ಹುಲ್ಲಿನ ಕೆಲಸ ಅಳಿಲಿಗೆ ಕೊಟ್ಟಿದ್ದೀರಿ

ಪ್ರಿಯರೇ,

ಬಟ್ಟೆಗೆ ಚುಚ್ಚಿಕೊಳ್ಳುವ ಹುಲ್ಲನ್ನೂ ಮರದ ದೊಡ್ಡ ಅಳಿಲನ್ನೂ ಹೋಲಿಸಿ ಪುಣೆಯಿಂದ ನೀವು ಕಳಿಸಿದ ‘ಕುಸಳಿ ಹುಲ್ಲು ಮತ್ತು ಶೇಕರು: ಒಂದು ತೌಲನಿಕ ನೋಟ’ ಲೇಖನ ಓದಿದೆ. ಈಗಿರುವ ಹಾಗೆ ಅಚ್ಚು ಹಾಕಲಾರೆವು. ಸುಮ್ಮನೆ ವಾಪಸ್ ಕಳಿಸಲೂ ಮನಸ್ಸಾಗಲಿಲ್ಲ.

ಮೊದಲ ಎರಡು ಪುಟ ಪೂರ್ತಿ ತೆಗೆಯಿರಿ. ಒಂದಕ್ಕೆ ಬೇರು, ಇನ್ನೊಂದಕ್ಕೆ ಬಾಲ ಎಂದು ಹೇಳಲು ಕೋಷ್ಟಕ ಯಾಕೆ? ಶೇಕರು ಮಹಾರಾಷ್ಟ್ರದ ರಾಜ್ಯಪ್ರಾಣಿ ಎಂಬುದು ಮೂರು ಕಡೆ ಬಂದಿದೆ, ಇಲ್ಲಿಯವರಿಗೆ ಅದು ಗೊತ್ತು. ಬದಲಿಗೆ ನಮ್ಮ ಮಲೆನಾಡಿನ ಕೆಂದಳಿಲೂ ಇದೇ ಜಾತಿ ಎಂದು ಒಂದು ಮಾತು ಹೇಳಿ.

ಭೀಮಾಶಂಕರದ ಕಾಡಿನ ಶೇಕರು ಬೀಜಗಳನ್ನು ಮಣ್ಣಲ್ಲಿ ಹೂತಿಡುತ್ತದೆ ಎಂದಿದ್ದೀರಿ. ಅದು ಚಳಿದೇಶಗಳ ಕೆಲವು ಅಳಿಲುಗಳ ಅಭ್ಯಾಸ. ಶೇಕರು ನೆಲಕ್ಕಿಳಿಯುವುದೇ ಅಪರೂಪ. ಗೂಡು, ಊಟ, ಓಡಾಟ ಎಲ್ಲ ಮರದ ನೆತ್ತಿಯಲ್ಲೇ. ಬೀಜ ಹೂಳುವುದು ನಿಮ್ಮ ಲೇಖನದ ಆ ಇನ್ನೊಂದು ಜೀವಿ, ಕುಸಳಿ! ಪುಣೆಯ ವೇತಾಳ ಟೆಕಡಿ (ಗುಡ್ಡ) ಹತ್ತಿಬಂದು ಸಾಕ್ಸಿನಿಂದ ಕುಸಳಿ ಬೀಜ ಕೀಳುತ್ತ ಕೂತದ್ದನ್ನು ಬರೆದಿದ್ದೀರಲ್ಲ, ಇಡೀ ಲೇಖನಕ್ಕೆ ಜೀವ ಇರುವುದು ಅಲ್ಲಿ. ಆದರೆ ಕಿತ್ತು ಎಸೆದುಬಿಟ್ಟಿರಿ. ಒಂದನ್ನು ಅಂಗೈ ಮೇಲಿಟ್ಟು ನೀರು ಹನಿಸಿ ನೋಡಿ. ಬೀಜದ ಹುರಿಗೊಂಡ ಕಂದು ಮೀಸೆ ಮೆಲ್ಲಗೆ ಬಿಚ್ಚಿಕೊಳ್ಳುತ್ತ ತಿರುಗುತ್ತದೆ, ಒಣಗಿದರೆ ಮತ್ತೆ ಸುತ್ತಿಕೊಳ್ಳುತ್ತದೆ. ಹೀಗೆ ತಿರುಗಿ ತಿರುಗಿಯೇ ಬೀಜದ ಚೂಪು ತುದಿ ಬೈರಿಗೆಯಂತೆ ಮಣ್ಣಿಗಿಳಿಯುವುದು. ತುದಿಯ ಹಿಮ್ಮುಖ ರೋಮಗಳು ಅದನ್ನು ಹೊರಬರಲು ಬಿಡವು. ನಿಮ್ಮ ಸಾಕ್ಸಿನಲ್ಲಿ ನಡೆದದ್ದೂ ಅದೇ. ಬೇಸಿಗೆಯಲ್ಲಿ ಗುಡ್ಡಕ್ಕೆ ಬೆಂಕಿ ಬಿದ್ದರೂ ಮಣ್ಣೊಳಗೆ ಸೇರಿದ ಬೀಜ ಉಳಿದುಕೊಳ್ಳುತ್ತದೆ.

ಇನ್ನು ಹೋಲಿಕೆ. ಶೇಕರುವಿಗೆ ಕೊಂಬೆಗೆ ಕೊಂಬೆ ತಾಗಿರಬೇಕು, ನಡುವೆ ಮರ ಕಡಿದು ತೆರಪು ಮಾಡಿದರೆ ಅದರ ದಾರಿಯೇ ಕಡಿದಂತೆ. ಕುಸಳಿಗೆ ಬಯಲ ಬಿಸಿಲು ಬೇಕು, ನೆರಳು ಕವಿದರೆ ಸೊರಗುತ್ತದೆ. ಟೆಕಡಿ ಹಸಿರಾಗಲೆಂದು ಗಿರಿಪುಷ್ಪದ (ಗ್ಲಿರಿಸಿಡಿಯಾ) ಮರ ನೆಟ್ಟದ್ದನ್ನು ನೀವು ಹೊಗಳಿ ಮುಂದೆ ಹೋಗಿದ್ದೀರಿ. ನಿಲ್ಲಬೇಕಾದದ್ದು ಅಲ್ಲೇ. ಭೀಮಾಶಂಕರದಲ್ಲಿ ಮರ ಉಳಿಸಿ ಎನ್ನುವವರೇ ಪುಣೆಯ ಹುಲ್ಲುಗುಡ್ಡದಲ್ಲಿ ಸಸಿ ನೆಡಬೇಡಿ ಎನ್ನಬೇಕಾಗುತ್ತದೆ. ವನಮಹೋತ್ಸವದವರಿಂದ ಬೈಸಿಕೊಳ್ಳುವ ಧೈರ್ಯವಿದ್ದರೆ ಲೇಖನವನ್ನು ಇಲ್ಲಿಂದಲೇ ಶುರುಮಾಡಿ.

ಕೊನೆಯಲ್ಲಿ ಸೇರಿಸಿದ ಸ್ವಂತ ಕವಿತೆ ಬೇಡ. ಎರಡು ಪುಟ ಮೀರದಿರಲಿ. ಶೇಕರುವಿನ ಫೋಟೋ ನಮ್ಮಲ್ಲಿದೆ. ಕುಸಳಿಯದನ್ನು ಮಾತ್ರ, ಮೀಸೆ ಕಾಣುವಷ್ಟು ಹತ್ತಿರದಿಂದ ತೆಗೆದು ಕಳಿಸಿ.

ಸಂಪಾದಕ, ಮುಂಬಯಿ